ವಾಕ್ಯವೆಂಬಾತನು: ಕ್ರಿಸ್ತನ ದೈವತ್ವದ ವಾದವೂ ಕನ್ನಡದ ಸರ್ವನಾಮವೂ

1

ಕ್ರಿ.ಶ. 325ನೆಯ ಇಸವಿಯಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ನೈಸಿಯಾ ಎಂಬ ಪಟ್ಟಣದಲ್ಲಿ ಕ್ರೈಸ್ತ ಧರ್ಮಾಧ್ಯಕ್ಷರ ಮಹಾಸಭೆಯೊಂದನ್ನು ಕರೆದನು. ಇಂದಿನ ತುರ್ಕಿ ದೇಶದ ಇಜ್ನಿಕ್ ಊರೇ ಅಂದಿನ ನೈಸಿಯಾ. ಆ ಸಭೆ ನಡೆದು 2025ಕ್ಕೆ 1700 ವರ್ಷಗಳು ತುಂಬಿದುವು. ಸಭೆಯ ಮುಂದಿದ್ದ ಮುಖ್ಯ ಪ್ರಶ್ನೆ ಒಂದೇ: ಯೇಸುಕ್ರಿಸ್ತನು ದೇವರೋ, ದೇವರು ನಿರ್ಮಿಸಿದವರಲ್ಲಿ ಮೊದಲಿಗನೋ? ಸಭೆ ಕೊಟ್ಟ ಉತ್ತರದ ತಿರುಳು ಒಂದು ಗ್ರೀಕ್ ಪದದಲ್ಲಿ ಅಡಗಿತ್ತು. 'ಹೋಮೋಊಸಿಯೋಸ್' ಎಂದರೆ 'ಒಂದೇ ತತ್ತ್ವದವನು'. ಮುಂದಿನ ದಶಕಗಳಲ್ಲಿ ಒಂದು ಪಕ್ಷದವರು ಇದರ ನಡುವೆ 'ಐಯೋಟ' ಎಂಬ ಕಿರಿಯ ಅಕ್ಷರವೊಂದನ್ನು ಸೇರಿಸಿ 'ಹೋಮೋಯಿಊಸಿಯೋಸ್' ಎಂದರು. ಆಗ ಅರ್ಥ 'ಸದೃಶ ತತ್ತ್ವದವನು' ಎಂದಾಯಿತು. ಹದಿನೆಂಟನೆಯ ಶತಮಾನದ ಇತಿಹಾಸಕಾರ ಎಡ್ವರ್ಡ್ ಗಿಬ್ಬನನು, ಒಂದು ಸಂಧ್ಯಕ್ಷರಕ್ಕಾಗಿ ಇಷ್ಟೊಂದು ಕಾದಾಟವೇ ಎಂದು ನಕ್ಕನು. ಅವನೊಡನೆ ನಕ್ಕವರು ಅಂದಿನಿಂದ ಇಂದಿನವರೆಗೆ ಅನೇಕರು.

ಈ ನಗೆ ಎಷ್ಟರ ಮಟ್ಟಿಗೆ ಯುಕ್ತವೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ಗ್ರೀಕ್ ತತ್ತ್ವಶಾಸ್ತ್ರದ ಆಳಕ್ಕೆ ಇಳಿಯಬೇಕಾಗಿಲ್ಲ. ನಮ್ಮ ಕನ್ನಡ ಬೈಬಲನ್ನು ತೆರೆದು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯವನ್ನು ವ್ಯಾಕರಣದ ಕಣ್ಣಿನಿಂದ ಓದಿದರೆ ಸಾಕು. ನೈಸಿಯಾದ ಪ್ರಶ್ನೆ ಕೇವಲ ಪಂಡಿತರ ಹಟವಾಗಿದ್ದ ಪಕ್ಷದಲ್ಲಿ, ಆ ಹಟದ ಗಂಧವಿಲ್ಲದ ಕನ್ನಡದಂಥ ಭಾಷೆಯಲ್ಲಿ ಅದು ತಲೆಯೆತ್ತಬಾರದಾಗಿತ್ತು. ಆದರೆ ಕನ್ನಡದಲ್ಲಿ ಅದು ಒಂದೊಂದು ಸರ್ವನಾಮದಲ್ಲಿಯೂ, ಒಂದೊಂದು ಆಖ್ಯಾತಪ್ರತ್ಯಯದಲ್ಲಿಯೂ ಎದುರಾಗುತ್ತದೆ. ಈ ಮನುಷ್ಯನನ್ನು ಕುರಿತು ಮಾತನಾಡಹೊರಟ ಭಾಷೆ ಯಾವುದಾದರೂ ಒಂದು ಪಕ್ಷವನ್ನು ಹಿಡಿಯಲೇಬೇಕೆಂಬುದಕ್ಕೆ ಕನ್ನಡದ ಅನುವಾದವೇ ಸಾಕ್ಷಿ.

2

ಮೊದಲಿಗೆ ವಾದದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಯೇಸುವಿನ ಅನುಯಾಯಿಗಳಲ್ಲಿ ಆರಂಭದಿಂದಲೂ ಎರಡು ಸೆಳೆತಗಳಿದ್ದುವು. ಎಬಿಯೋನರೆಂಬ ಯೆಹೂದಿ ಕ್ರೈಸ್ತರು ಯೇಸುವನ್ನು ದೇವರು ಆರಿಸಿಕೊಂಡ ಮನುಷ್ಯನೆಂದು ಮಾತ್ರ ಎಣಿಸಿದರು. ಇದಕ್ಕೆ ತೀರ ವಿರುದ್ಧವಾಗಿ, ಅವನು ದೇವರೇ ಆಗಿದ್ದುದರಿಂದ ಅವನ ದೇಹವೂ ನೋವೂ ಸಾವೂ ಬರಿಯ ತೋರಿಕೆ ಎಂದು ಹೇಳಿದವರಿದ್ದರು. 'ತೋರು' ಎಂಬರ್ಥದ ಗ್ರೀಕ್ ಧಾತುವಿನಿಂದ ಇವರಿಗೆ ಡೋಸೆಟಿಸ್ಟರೆಂಬ ಹೆಸರು ಬಂದಿತು. ತೋರಿಕೆವಾದಿಗಳೆಂದು ನಾವು ಕರೆಯಬಹುದು. ಎರಡನೆಯ ಶತಮಾನದ ಆರಂಭದಲ್ಲೇ ಆಂಟಿಯೋಕಿನ ಇಗ್ನೇಷಿಯಸನು ಇವರನ್ನು ಖಂಡಿಸಬೇಕಾಯಿತು. ಯೇಸು ನಿಜವಾಗಿ ಹುಟ್ಟದೆ, ನಿಜವಾಗಿ ಸಾಯದೆ ಇದ್ದಲ್ಲಿ ತಾನು ಸಂಕೋಲೆ ತೊಟ್ಟು ಸಾಯಹೊರಟಿರುವುದು ವ್ಯರ್ಥವೆಂಬುದು ಅವನ ವಾದದ ಸಾರ.

ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸನು ಪ್ರಶ್ನೆಯನ್ನು ಮೇಲಿನ ತುದಿಯಿಂದ ಎತ್ತಿದನು. ದೇವರು ಒಬ್ಬನೇ, ಅವನಿಗೆ ಮಾತ್ರ ಆದಿಯಿಲ್ಲ. ಮಗನೆಂದ ಮೇಲೆ ತಂದೆಯಿಂದ ಉಂಟಾದವನು, ಉಂಟಾದವನೆಂದ ಮೇಲೆ ಒಮ್ಮೆ ಇಲ್ಲದಿದ್ದವನು. ಆದುದರಿಂದ ಕ್ರಿಸ್ತನು ಸೃಷ್ಟಿಯಲ್ಲೆಲ್ಲ ಶ್ರೇಷ್ಠನಾದರೂ ಸೃಷ್ಟಿಗೆ ಸೇರಿದವನೇ. ಈ ವಾದವನ್ನು ಏರಿಯಸನು ಹಾಡಾಗಿ ಕಟ್ಟಿ ನಾವಿಕರ, ಹಿಟ್ಟು ಬೀಸುವವರ, ದಾರಿಹೋಕರ ಬಾಯಿಗೆ ಕೊಟ್ಟನೆಂದು ಪ್ರಾಚೀನ ಲೇಖಕರು ಹೇಳುತ್ತಾರೆ. ವಾದ ಬೀದಿಗೆ ಇಳಿದಿದ್ದಿತೆಂಬುದಕ್ಕೆ ನಿಸ್ಸದ ಗ್ರೆಗರಿಯು ಮುಂದೆ ಕಾನ್‌ಸ್ಟಾಂಟಿನೋಪಲನ್ನು ಕುರಿತು ಬರೆದುದೂ ಸಾಕ್ಷಿ. ಅಲ್ಲಿನ ಚಿನಿವಾರನನ್ನು ನಾಣ್ಯದ ಬೆಲೆ ಕೇಳಿದರೆ, ರೊಟ್ಟಿ ಮಾರುವವನನ್ನು ರೊಟ್ಟಿಯ ಬೆಲೆ ಕೇಳಿದರೆ, ಅವರು ತಂದೆ ಮಗಂದಿರ ತಾರತಮ್ಯವನ್ನು ಉತ್ತರವಾಗಿ ಕೊಡುತ್ತಿದ್ದರಂತೆ.

ಏರಿಯಸನ ಎದುರಾಳಿಗಳಲ್ಲಿ ಪ್ರಮುಖನಾದವನು ಅಥನೇಷಿಯಸ್. 328ರಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಾದ ಈತನು 373ರಲ್ಲಿ ತೀರಿಕೊಳ್ಳುವುದರೊಳಗೆ ಐದು ಸಲ ಪೀಠಭ್ರಷ್ಟನಾಗಿ ದೇಶಾಂತರ ಹೋಗಬೇಕಾಯಿತು. ಅವನ ಪ್ರಶ್ನೆ ತರ್ಕದ್ದಲ್ಲ, ಉದ್ಧಾರದ್ದು: ಮುಳುಗುತ್ತಿರುವವನನ್ನು ಮತ್ತೊಬ್ಬ ಮುಳುಗುವವನು ಹೇಗೆ ಎತ್ತಿಯಾನು? ಸೃಷ್ಟಿಗೆ ಸೇರಿದವನು ಸೃಷ್ಟಿಯನ್ನು ದೇವರೊಡನೆ ಸೇರಿಸಲಾರ. ಹೀಗೆ ಇಬ್ಬರೂ ಏನನ್ನೋ ಕಾಪಾಡಹೊರಟವರೇ. ಏರಿಯಸನು ದೇವರ ಏಕತ್ವವನ್ನು ಕಾಯುತ್ತಿದ್ದನು, ಅಥನೇಷಿಯಸನು ಮನುಷ್ಯನ ಭರವಸೆಯನ್ನು. ನೈಸಿಯಾ ಎರಡನೆಯವನ ಕಡೆ ವಾಲಿತು, 381ರ ಕಾನ್‌ಸ್ಟಾಂಟಿನೋಪಲಿನ ಸಭೆ ಅದನ್ನು ಸ್ಥಿರಪಡಿಸಿತು. ಬಳಿಕ, ಅವನು ದೇವರಾದರೆ ಮನುಷ್ಯನಾಗಿದ್ದುದು ಹೇಗೆ ಎಂಬ ಪ್ರಶ್ನೆ ಉಳಿಯಿತು. 431ರಲ್ಲಿ ಎಫೆಸದಲ್ಲಿಯೂ 451ರಲ್ಲಿ ಕಾಲ್ಸಿಡನ್ನಿನಲ್ಲಿಯೂ ಸಭೆಗಳು ಸೇರಿದುವು. ಪೂರ್ಣ ದೇವರು, ಪೂರ್ಣ ಮನುಷ್ಯ, ಎರಡು ಸ್ವಭಾವ, ಒಬ್ಬನೇ ವ್ಯಕ್ತಿ ಎಂಬುದು ಕಾಲ್ಸಿಡನ್ನಿನ ತೀರ್ಪು. ಅದನ್ನು ಒಪ್ಪದ ಪೂರ್ವದ ಸಭೆಗಳು ಬೇರೆಯಾದುವು. ಆ ಒಡಕಿನ ಗೆರೆ ನಮ್ಮ ನೆರೆಯ ಕೇರಳದವರೆಗೂ ಹರಿದು ಬಂದಿದೆ. 1599ರ ಉದಯಂಪೇರೂರು ಸಭೆಯಲ್ಲಿ ಪೋರ್ಚುಗೀಸರು ಅಲ್ಲಿನ ಪ್ರಾಚೀನ ಕ್ರೈಸ್ತರ ಮೇಲೆ ಹೊರಿಸಿದ ದೋಷಗಳಲ್ಲಿ ಎಫೆಸದಲ್ಲಿ ಖಂಡಿತನಾದ ನೆಸ್ಟೋರಿಯಸನ ಮತವೂ ಒಂದು.

3

ಸಭೆಗಳ ತೀರ್ಪು ಒಂದು ಕಡೆ, ಅನುವಾದಕನ ಮೇಜು ಇನ್ನೊಂದು ಕಡೆ. ಈ ವಾದದಲ್ಲಿ ಅನುವಾದಕನ ಸ್ಥಾನವನ್ನು ತೋರಿಸುವ ಮೊದಲ ದೃಷ್ಟಾಂತ ನಾಲ್ಕನೆಯ ಶತಮಾನದಲ್ಲೇ ದೊರೆಯುತ್ತದೆ. ಗಾಥ್ ಜನಾಂಗದ ಧರ್ಮಾಧ್ಯಕ್ಷನಾಗಿದ್ದ ವುಲ್ಫಿಲನು ಆ ಭಾಷೆಗೆ ಲಿಪಿಯನ್ನು ರಚಿಸಿ ಬೈಬಲನ್ನು ಅನುವಾದಿಸಿದನು. ಅವನು ಏರಿಯಸನ ಕಡೆಗೆ ಒಲಿದವನು. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನನ್ನು ದೇವರಿಗೆ 'ಸಮ'ನೆನ್ನುವ ಕಡೆ ವುಲ್ಫಿಲನು 'ಸದೃಶ' ಎಂಬರ್ಥದ ಪದವನ್ನು ಇಟ್ಟಿದ್ದಾನೆ. ಇದು ಮತಾಭಿಮಾನವೋ ಭಾಷೆಯ ಸಹಜತೆಯೋ ಎಂದು ಭಾಷಾಶಾಸ್ತ್ರಜ್ಞರು ಬಹುಕಾಲ ಚರ್ಚಿಸಿದ್ದಾರೆ. ಮಹಾಸಭೆ ಒಂದು ಐಯೋಟಕ್ಕಾಗಿ ಮಾಡಿದ ಜಗಳವನ್ನು ಅನುವಾದಕನು ಒಂದು ವಿಶೇಷಣದಿಂದ ತೀರಿಸಿಬಿಡಬಲ್ಲನೆಂಬುದು ಇಲ್ಲಿ ಗಮನಾರ್ಹ.

ಇನ್ನು ಯೋಹಾನನ ಸುವಾರ್ತೆಯ ಆರಂಭವನ್ನು ನೋಡೋಣ. ಕ್ರಿಸ್ತನನ್ನು ಅದು 'ಲೋಗೋಸ್' ಎಂದು ಕರೆಯುತ್ತದೆ. ಮಾತು, ಅರ್ಥ, ವಿವೇಕ, ಜಗತ್ತಿನ ಅಂತರ್ಗತ ಕ್ರಮ ಎಲ್ಲವೂ ಆ ಪದದಲ್ಲುಂಟು. ಗ್ರೀಕಿನಲ್ಲಿ ಅದು ಪುಲ್ಲಿಂಗ. ಆದರೆ ಗ್ರೀಕಿನ ಲಿಂಗ ಪದಕ್ಕೆ ಸೇರಿದ್ದು, ಅರ್ಥಕ್ಕೆ ಸೇರಿದ್ದಲ್ಲ. ಹೀಗಾಗಿ ಲೋಗೋಸ್ ಎಂಬುದು ಒಂದು ಶಕ್ತಿಯೋ ಒಬ್ಬ ವ್ಯಕ್ತಿಯೋ ಎಂಬುದನ್ನು ಆರಂಭದ ಆ ವಾಕ್ಯಗಳ ವ್ಯಾಕರಣವೊಂದೇ ತೀರ್ಮಾನಿಸುವುದಿಲ್ಲ. ಲ್ಯಾಟಿನ್ನಿನ 'ವೆರ್ಬುಮ್', ಜರ್ಮನಿನ 'ವೋರ್ಟ್' ಎರಡೂ ನಪುಂಸಕ. ಅಲ್ಲಿಯೂ ಅದು ವ್ಯಾಕರಣದ ಲಿಂಗವೇ ಆದುದರಿಂದ ಓದುಗನು ತಡವರಿಸುವುದಿಲ್ಲ. ಸಿರಿಯಾಕ್ ಭಾಷೆಯಲ್ಲಿ 'ಮೆಲ್ತಾ' ಸ್ತ್ರೀಲಿಂಗ. ಹಳೆಯ ಸಿರಿಯಾಕ್ ಪಾಠ ಅದಕ್ಕೆ ಸ್ತ್ರೀಲಿಂಗದ ಕ್ರಿಯಾಪದವನ್ನೇ ಕೊಟ್ಟಿದ್ದರೆ, ಬಳಿಕ ಪ್ರಮಾಣವಾದ ಪೆಶಿತ್ತಾ ಪಾಠ ವ್ಯಾಕರಣವನ್ನು ಬದಿಗಿಟ್ಟು ಪುಲ್ಲಿಂಗಕ್ಕೆ ಹೊರಳಿತು. ಕೇರಳದ ಸಿರಿಯನ್ ಕ್ರೈಸ್ತರ ಪೂಜೆಗೆ ಬಂದುದು ಈ ಪಾಠ.

ದೆಹಲಿಯ ವಾಚಕರಿಗೆ ಹಿಂದಿಯ ಉದಾಹರಣೆ ಹತ್ತಿರದ್ದು. ಹಿಂದಿ ಬೈಬಲಿನಲ್ಲಿ ಲೋಗೋಸ್ 'ವಚನ್', ಉರ್ದುವಿನಲ್ಲಿ 'ಕಲಾಮ್'. ಆ ಭಾಷೆಗಳಲ್ಲಿ ನಪುಂಸಕವಿಲ್ಲ. 'ಥಾ' ಎಂಬ ಕ್ರಿಯಾಪದ ಕಲ್ಲಿಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ಅನುವಾದಕನು ತನ್ನ ಅಭಿಪ್ರಾಯವನ್ನು ಹೊರಗೆಡಹದೆಯೇ ದಾಟಿಹೋಗಬಹುದು.

4

ಕನ್ನಡದಲ್ಲಿ ಈ ಸೌಕರ್ಯವಿಲ್ಲ. ನಮ್ಮ ಲಿಂಗವ್ಯವಸ್ಥೆ ಅರ್ಥವನ್ನು ಹಿಂಬಾಲಿಸುವಂಥದು. ವಿವೇಕವುಳ್ಳವರಿಗೆ 'ಇದ್ದನು, ಇದ್ದಳು, ಇದ್ದರು', ಉಳಿದುದಕ್ಕೆಲ್ಲ 'ಇತ್ತು'. ಮಾತು ಎಂದರೆ 'ಇತ್ತು', ಮನುಷ್ಯನೆಂದರೆ 'ಇದ್ದನು'. ಇವೆರಡರ ನಡುವೆ ಮೂರನೆಯ ದಾರಿ ಭಾಷೆಯಲ್ಲಿಲ್ಲ. ಲೋಗೋಸ್ ಶಕ್ತಿಯೋ ವ್ಯಕ್ತಿಯೋ ಎಂಬ, ನೈಸಿಯಾಕ್ಕೂ ಹಿಂದಿನ ಪ್ರಶ್ನೆಯನ್ನು ಕನ್ನಡದ ಕ್ರಿಯಾಪದ ಮೊದಲ ವಾಕ್ಯದಲ್ಲೇ ಕೇಳುತ್ತದೆ.

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರ ಹೊತ್ತಿಗೆ ಸಂಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ಅದರ ಪರಿಷ್ಕರಣಗಳು ಮುಂದೆಯೂ ನಡೆದುವು. ಪ್ರಾಟೆಸ್ಟಂಟರ ಮನೆಗಳಲ್ಲಿ ಇಂದಿಗೂ ಓದುವ ಬೈಬಲ್ ಸೊಸೈಟಿಯ ಹಳೆಯ ಅನುವಾದದಲ್ಲಿ ಲೋಗೋಸ್ 'ವಾಕ್ಯ'ವಾಗಿದೆ. ಮೊದಲ ವಚನದಲ್ಲಿ ಅದಕ್ಕೆ ನಪುಂಸಕದ ಕ್ರಿಯಾಪದ, ಕನ್ನಡದ ಸಹಜ ನಡೆ. ಎರಡನೆಯ ವಚನಕ್ಕೆ ಬರುತ್ತಲೇ ಒಂದು ಹೊಸ ರೂಪ ಕಾಣಿಸುತ್ತದೆ: 'ವಾಕ್ಯವೆಂಬಾತನು'. ಅಲ್ಲಿಂದ ಮುಂದೆ 'ಆತನು'. ಮೂಲದಲ್ಲಿ ಇಲ್ಲಿರುವುದು 'ಈತ' ಅಥವಾ 'ಇದು' ಎಂದು ಎರಡು ಬಗೆಯಾಗಿಯೂ ಅನುವಾದಿಸಬಹುದಾದ ಒಂದು ದರ್ಶಕ ಸರ್ವನಾಮ ಮಾತ್ರ.

'ಎಂಬಾತನು' ಎಂಬ ಈ ಕೀಲನ್ನು ಯಾವ ವ್ಯಾಕರಣಗ್ರಂಥವೂ ದೇವತಾಶಾಸ್ತ್ರದ ಪದವೆಂದು ಗುರುತಿಸಿಲ್ಲ. 'ರಾಮನೆಂಬಾತನು', 'ಸೋಮನೆಂಬಾತನು' ಎಂದು ನಾವು ದಿನವೂ ಬಳಸುವ ರೂಪ ಅದು. ಆದರೆ ಗ್ರೀಕರು 'ಹೋಮೋಊಸಿಯೋಸ್' ಎಂಬ, ಬೈಬಲಿನಲ್ಲಿ ಎಲ್ಲಿಯೂ ಇಲ್ಲದ ಪದವನ್ನು ತಂದು ಮಾಡಿದ ಕೆಲಸದ ಒಂದು ಪಾಲನ್ನು ಕನ್ನಡ ತನ್ನ ಮನೆಯ ಸಾಮಾನಿನಿಂದಲೇ ಮಾಡಿ ಮುಗಿಸಿದೆ. ನಪುಂಸಕದಿಂದ ಪುಲ್ಲಿಂಗಕ್ಕೆ ನಡೆದ ಈ ಹೊರಳು ಒಂದು ತತ್ತ್ವವು ಒಬ್ಬನಾಗುವ ಕ್ಷಣ. ಮೊದಲ ವಚನದಲ್ಲೇ 'ಇದ್ದನು' ಎಂದು ಆರಂಭಿಸಿದ್ದರೆ ಮಾತಿನ ಬೆಡಗು ಹೋಗುತ್ತಿತ್ತು. ಕೊನೆಯವರೆಗೂ 'ಇತ್ತು' ಎಂದೇ ನಡೆಸಿದ್ದರೆ ಕ್ರಿಸ್ತನೇ ಹೋಗುತ್ತಿದ್ದನು. ಎರಡನ್ನೂ ಉಳಿಸಿದ ಈ ಅನುವಾದಕರ ಭಾಷಾಪ್ರಜ್ಞೆ ಪ್ರಶಂಸನೀಯ. ಕಿಟ್ಟೆಲ್ಲರು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಇದೇ ಮಂಗಳೂರಿನಿಂದ ಅಚ್ಚುಮಾಡಿಸಿದುದನ್ನು ನೆನೆದರೆ, ಅಲ್ಲಿ ಧರ್ಮಗ್ರಂಥದ ಕೆಲಸವೂ ವ್ಯಾಕರಣದ ಕೆಲಸವೂ ಅಕ್ಕಪಕ್ಕದಲ್ಲೇ ನಡೆದುವೆಂಬುದು ತಿಳಿಯುತ್ತದೆ.

ಇದೇ ಅನುವಾದದಲ್ಲಿ 'ದೇವರು' ಎಂಬ ಪದದ ನಡೆಯೂ ವಿಚಾರಾರ್ಹ. ರೂಪದಲ್ಲಿ ಅದು ಗೌರವ ಬಹುವಚನ. 'ದೇವರು ಕೊಟ್ಟರು' ಎಂಬುದು ಜನರ ಬಾಯಿಯ ಮಾತು. ಅನುವಾದಕರಾದರೋ ಅದಕ್ಕೆ 'ಕೊಟ್ಟನು', 'ಹೇಳಿದನು' ಎಂದು ಏಕವಚನದ ಕ್ರಿಯಾಪದವನ್ನೇ ಹಚ್ಚಿದರು. ಹಲವು ದೇವರುಗಳ ನಾಡಿನಲ್ಲಿ ದೇವರು ಒಬ್ಬನೇ ಎಂಬುದನ್ನು ಪ್ರತ್ಯಯ ಸಾರುತ್ತಿದೆ. ಹೀಬ್ರೂವಿನ 'ಎಲೋಹಿಮ್' ಎಂಬ ಬಹುವಚನರೂಪವೂ ಏಕವಚನದ ಕ್ರಿಯಾಪದವನ್ನೇ ಪಡೆಯುತ್ತದೆ. ಏರಿಯಸನು ಕಾಯಹೊರಟ ಏಕತ್ವ ಹೀಗೆ ಕನ್ನಡದ 'ನು'ವಿನಲ್ಲಿ ಉಳಿದಿದೆ, ಅಥನೇಷಿಯಸನು ಕಾಯಹೊರಟ ದೈವತ್ವ 'ಆತನು' ಎಂಬುದರಲ್ಲಿ.

'ಆತನು' ಎಂಬುದರ ತೂಕವನ್ನು ಇನ್ನಷ್ಟು ಒರೆಹಚ್ಚಬೇಕು. ಕನ್ನಡದಲ್ಲಿ ಮೂರು ಮೆಟ್ಟಿಲುಗಳಿವೆ: ಅವನು, ಆತನು, ಅವರು. ಹಳೆಯ ಅನುವಾದದ ನಿರೂಪಕನು ಸಾಮಾನ್ಯರನ್ನು 'ಅವನು' ಎಂದೂ ಯೇಸುವನ್ನು 'ಆತನು' ಎಂದೂ ನಡೆಸುತ್ತಾನೆ. ಸ್ವಂತ ಊರಿನವರು ಯೇಸುವನ್ನು ಬಡಗಿಯೆಂದು ಹಗುರವಾಗಿ ಕಾಣುವ ಸಂದರ್ಭದಲ್ಲಿ 'ಇವನು' ಬರುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಶಿಲುಬೆಯ ಬುಡದಲ್ಲಿದ್ದ ರೋಮನ್ ಶತಾಧಿಪತಿ ಬೆರಗಾಗಿ ನುಡಿಯುವಾಗ ಅದು 'ಈತನು' ಆಗುತ್ತದೆ. ಗ್ರೀಕ್ ಮೂಲದಲ್ಲಿ ಈ ಏರಿಳಿತವಿಲ್ಲ. ಕನ್ನಡದ ಓದುಗನಿಗೆ ಮಾತ್ರ, ಯಾರು ಈ ಮನುಷ್ಯನನ್ನು ಏನೆಂದು ತಿಳಿದರು ಎಂಬುದು ಸರ್ವನಾಮದಿಂದಲೇ ಕೇಳಿಬರುತ್ತದೆ.

ಈಚಿನ, ಕಥೋಲಿಕರೂ ಬಳಸುವ ಸರಳ ಭಾಷೆಯ ಅನುವಾದದಲ್ಲಿ 'ವಾಕ್ಯ' ಹೋಗಿ 'ದಿವ್ಯವಾಣಿ' ಬಂದಿದೆ. ಯೇಸು 'ಯೇಸುಸ್ವಾಮಿ'ಯಾಗಿ ಬಹುವಚನವನ್ನು ಪಡೆದಿದ್ದಾನೆ. ಇದಕ್ಕೆ ಸಮರ್ಥನೆಯಿಲ್ಲದಿಲ್ಲ. ಇಂದಿನ ನಗರದ ಕಿವಿಗೆ ಏಕವಚನ ಒರಟಾಗಿ ಕೇಳಿಸುತ್ತದೆ. ಈ ಲೇಖನದಲ್ಲೇ ಅಥನೇಷಿಯಸನಿಗೆ ಏಕವಚನವೂ ಕಿಟ್ಟೆಲ್ಲರಿಗೆ ಬಹುವಚನವೂ ಬಂದಿರುವುದನ್ನು ವಾಚಕರು ಗಮನಿಸಿರಬಹುದು. ಆದರೂ ನಮ್ಮ ಅಭಿಪ್ರಾಯದಲ್ಲಿ ಇದರಿಂದ ನಷ್ಟವೇ ಹೆಚ್ಚು. ಕನ್ನಡದ ಭಕ್ತಿಪರಂಪರೆ ದೇವರನ್ನು 'ನೀನು' ಎಂದೇ ಕರೆದಿದೆ. ಶರಣರಿಗೂ ದಾಸರಿಗೂ ಆ ಏಕವಚನದಲ್ಲೇ ಸಲಿಗೆಯೂ ಶರಣಾಗತಿಯೂ ಕೂಡಿದ್ದುವು. ಬಹುವಚನ ನಾವು ಮಠಾಧಿಪತಿಗಳಿಗೆ, ಅಧಿಕಾರಿಗಳಿಗೆ, ಉಪಾಧ್ಯಾಯರಿಗೆ ಕೊಡುವ ಮರ್ಯಾದೆ. ಅದು ಕ್ರಿಸ್ತನನ್ನು ಗೌರವಾನ್ವಿತರ ಸಾಲಿನಲ್ಲಿ ಕೂರಿಸುತ್ತದೆ. 'ಆತನು' ಎಂಬುದು ಅವನನ್ನು ಆ ಸಾಲಿನಿಂದಲೇ ಬೇರ್ಪಡಿಸುತ್ತದೆ. ಮರ್ಯಾದೆ ಹೆಚ್ಚಿದಷ್ಟೂ ದೈವತ್ವ ಹೆಚ್ಚುವುದಿಲ್ಲವೆಂಬ ಸೂಕ್ಷ್ಮವನ್ನು ಹಳೆಯವರು ಬಲ್ಲವರಾಗಿದ್ದರು.

5

ಆದರೆ ಅದೇ ಅಧ್ಯಾಯದ 14ನೆಯ ವಚನದಲ್ಲಿ ಹಳೆಯ ಅನುವಾದಕರು ಎಡವಿದ್ದಾರೆ. ಲೋಗೋಸ್ 'ಮಾಂಸವಾಯಿತು' ಎಂಬ ನಿಷ್ಠುರವಾದ ಮಾತು ಮೂಲದಲ್ಲಿದೆ. ಕನ್ನಡದಲ್ಲಿ ಅದು 'ನರಾವತಾರ'ವಾಗಿದೆ. ಓದುಗನಿಗೆ ಕೂಡಲೇ ತಿಳಿಯುವ ಪದವೇನೋ ಹೌದು. ಆದರೆ 'ಅವತಾರ' ಎಂಬ ಪದ ಒಂಟಿಯಾಗಿ ಬರುವುದಿಲ್ಲ. ಮತ್ಸ್ಯ ಕೂರ್ಮಾದಿಗಳ ಪರಿವಾರ, ದುಷ್ಟಸಂಹಾರದ ಉದ್ದೇಶ, ಕಾರ್ಯ ಮುಗಿದ ಮೇಲೆ ಸ್ವಸ್ಥಾನಕ್ಕೆ ಮರಳುವ ನಿಶ್ಚಿಂತೆ ಇವೆಲ್ಲವೂ ಅದರ ಬೆನ್ನಿಗಿವೆ. ಮುಖ್ಯವಾಗಿ, ಅವತಾರಪುರುಷನ ದೇಹ ನಮ್ಮ ದೇಹದಂಥದಲ್ಲ. ಉಡುಪಿಯ ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಭಗವಂತನ ಅವತಾರದೇಹಕ್ಕೆ ಪ್ರಾಕೃತವಾದ ಹುಟ್ಟು ಸಾವುಗಳ ಲೇಪವಿಲ್ಲ; ಕಾಣುವ ದುಃಖವೆಲ್ಲ ವಿಡಂಬನೆ. ಹೀಗೆ, ತೋರಿಕೆವಾದಿಗಳನ್ನು ಇಗ್ನೇಷಿಯಸನು ಯಾವ ಬಾಗಿಲಿನಿಂದ ಹೊರಹಾಕಿದನೋ ಅದೇ ಬಾಗಿಲನ್ನು 'ನರಾವತಾರ' ಎಂಬ ಪದ ಅರಿಯದೆ ತೆರೆದುಬಿಟ್ಟಿದೆ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಮಾಧ್ವಮತಕ್ಕೂ ಕ್ರೈಸ್ತಮತಕ್ಕೂ ಸಂಬಂಧ ಕಲ್ಪಿಸುವ ಊಹೆಗಳು ಹಿಂದೆ ಬಂದುದುಂಟು. ಅವಕ್ಕೆ ಆಧಾರ ಸಾಲದು. ಆದರೆ ವಿಚಾರದ ಆಕಾರವನ್ನು ಹೋಲಿಸಬಹುದು. ಹರಿ ಸರ್ವೋತ್ತಮ, ವಾಯು ಜೀವೋತ್ತಮ ಎಂಬ ತಾರತಮ್ಯದಲ್ಲಿ ವಾಯು ದೇವರಿಗೂ ಜೀವರಿಗೂ ನಡುವಣ ಸೇತು, ಎಲ್ಲ ಜೀವರಿಗೂ ಮಿಗಿಲು, ಆದರೆ ಹರಿಯಲ್ಲ. ಏರಿಯಸನ ಕ್ರಿಸ್ತನೂ ಸುಮಾರಾಗಿ ಇಂಥ ಸ್ಥಾನದಲ್ಲಿ ನಿಲ್ಲುತ್ತಾನೆ. ಭೇದವೆಂದರೆ, ದ್ವೈತದಲ್ಲಿ ಜೀವನು ಅನಾದಿ, ಏರಿಯಸನ ಮಗನಿಗೆ ಆದಿಯುಂಟು. ಪರತತ್ತ್ವದ ಏಕತ್ವವನ್ನು ಬಿಗಿಯಾಗಿ ಹಿಡಿದವರಿಗೆ ಮಧ್ಯವರ್ತಿಯೊಬ್ಬನು ಬೇಕಾಗುತ್ತಾನೆ, ಹಾಗೂ ಆ ಮಧ್ಯವರ್ತಿಗೆ ಪರತತ್ತ್ವದ ಹೆಸರನ್ನು ಕೊಡಲು ಅವರ ಮನಸ್ಸು ಒಪ್ಪುವುದಿಲ್ಲ. ಅಲೆಕ್ಸಾಂಡ್ರಿಯದ ಪಾದ್ರಿಯನ್ನು ಬರಿಯ ಹಟಮಾರಿಯೆಂದು ತಳ್ಳಿಹಾಕದಿರಲು ಈ ಹೋಲಿಕೆ ನಮಗೆ ನೆರವಾಗುತ್ತದೆ.

ಮಾಂಸವೋ ತೋರಿಕೆಯೋ ಎಂಬ ಪ್ರಶ್ನೆಗೆ ಕನ್ನಡ ಸಾಹಿತ್ಯದಲ್ಲೇ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ಅಲ್ಲಮಪ್ರಭುವಿನ ಕಥೆಯನ್ನು ಹರಿಹರನೂ ಹೇಳಿದ್ದಾನೆ, ಚಾಮರಸನೂ ಹೇಳಿದ್ದಾನೆ. ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಕೈಲಾಸದ ಪೂರ್ವಕಥೆ ಇಲ್ಲದಿಲ್ಲ. ಆದರೆ ಭೂಮಿಗೆ ಬಂದ ಅಲ್ಲಮನು ಕಮಲತೆಯನ್ನು ಒಲಿಯುತ್ತಾನೆ, ಅವಳು ಜ್ವರದಿಂದ ಸತ್ತಾಗ ಹುಚ್ಚನಂತೆ ಅಲೆಯುತ್ತಾನೆ. ಆ ಶೋಕದ ಬೆಂಗಾಡಿನಲ್ಲೇ ಅವನಿಗೆ ಗುರು ದೊರೆಯುತ್ತಾನೆ. ಸುಮಾರು ಎರಡು ಶತಮಾನಗಳ ತರುವಾಯ, ಪ್ರೌಢದೇವರಾಯನ ಕಾಲದ ಚಾಮರಸನು 'ಪ್ರಭುಲಿಂಗಲೀಲೆ'ಯಲ್ಲಿ ಇದನ್ನು ಒಪ್ಪಲಾರದೆ ಹೋದನು. ಅವನ ಅಲ್ಲಮನು ಮಾಯೆಗೆ ಸಿಕ್ಕುವುದೇ ಇಲ್ಲ. ಸೋಲುವವಳು ಮಾಯೆ. ಗೋರಕ್ಷನು ಬೀಸಿದ ಕತ್ತಿ ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಆಡಿದಂತೆ ಆಡಿ ಹೋಗುತ್ತದೆ. ಗ್ರಂಥದ ಹೆಸರಿನಲ್ಲೇ 'ಲೀಲೆ' ಎಂದಿರುವುದು ಆಕಸ್ಮಿಕವಲ್ಲ.

ಚಾಮರಸನ ಕಾವ್ಯ ದೊಡ್ಡದು, ಅವನ ತತ್ತ್ವವೂ ಗಂಭೀರವಾದುದು. ಆದರೆ ಕತ್ತಿ ನಾಟದ ದೇಹಕ್ಕೆ ಕಮಲತೆಯ ಸಾವೂ ನಾಟುವುದಿಲ್ಲ. ಹರಿಹರನ ಅಲ್ಲಮನು ನಮ್ಮಂತೆ ಬೆಂದವನಾದುದರಿಂದ ಅವನು ಏರಿದ ಎತ್ತರ ನಮಗೂ ಸಂಬಂಧಿಸಿದ್ದು. ಚಾಮರಸನ ಅಲ್ಲಮನು ಎಲ್ಲಿಯೂ ಇಳಿಯದ ಕಾರಣ ಅವನ ಎತ್ತರವನ್ನು ನಾವು ಕೆಳಗಿನಿಂದ ನೋಡಬಲ್ಲೆವಷ್ಟೆ. ಒಬ್ಬ ಮಹಾಪುರುಷನನ್ನು ಎತ್ತರಿಸುತ್ತ ಹೋದಂತೆ ಅವನ ನೋವನ್ನು ಕಳೆದುಕೊಳ್ಳುತ್ತೇವೆ, ಅವನ ನೋವನ್ನೇ ಹಿಡಿದು ಕುಳಿತರೆ ಅವನು ನಮ್ಮನ್ನು ಸೆಳೆದ ಬೆಳಕನ್ನು ವಿವರಿಸಲಾರದೆ ಹೋಗುತ್ತೇವೆ. ಕಾಲ್ಸಿಡನ್ನಿನ ಧರ್ಮಾಧ್ಯಕ್ಷರು ಎರಡನ್ನೂ ಬಿಡಲೊಲ್ಲದೆ ಎರಡನ್ನೂ ಒಂದೇ ಸೂತ್ರದಲ್ಲಿ ಬಿಗಿದರು. ಕನ್ನಡ ಎರಡು ಕಾವ್ಯಗಳನ್ನು ಬರೆದು ಎರಡನ್ನೂ ಉಳಿಸಿಕೊಂಡಿತು. ಒಬ್ಬ ಕವಿಯನ್ನು ಮೆಚ್ಚಿದವರು ಇನ್ನೊಬ್ಬನ ಓಲೆಗರಿಗಳನ್ನು ಸುಡಲಿಲ್ಲವೆಂಬುದನ್ನು ನಾವು ಸಂತೋಷದಿಂದ ನೆನೆಯಬಹುದು.

6

ಈ ಪ್ರಶ್ನೆ ನಾವು ನೆಲಸಿರುವ ಈ ಉತ್ತರದ ಸೀಮೆಯಲ್ಲಿಯೂ ಹೆಜ್ಜೆಗುರುತುಗಳನ್ನು ಬಿಟ್ಟಿದೆ. ಮಂಗಳೂರಿಗೆ ಮಿಷನರಿಗಳನ್ನು ಕಳುಹಿಸಿದ ಅದೇ ಬಾಸೆಲಿನ ವಿದ್ಯಾಲಯದಲ್ಲಿ ಕಲಿತ ಕಾರ್ಲ್ ಫಾಂಡರ್ ಎಂಬವರು ಆಗ್ರಾದಲ್ಲಿ ಕೆಲಸ ಮಾಡುತ್ತಿದ್ದರು. 1854ರ ಏಪ್ರಿಲ್ ತಿಂಗಳಿನಲ್ಲಿ ಅಲ್ಲಿ ಅವರಿಗೂ ಮೌಲಾನಾ ರಹಮತುಲ್ಲಾ ಕೈರಾನವಿಯವರಿಗೂ ಬಹಿರಂಗ ವಾದ ನಡೆಯಿತು. ಮೌಲಾನಾರವರ ಊರು ಕೈರಾನಾ ಇಂದು ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ ಸೇರಿರುವ ಶಾಮ್ಲಿ ಜಿಲ್ಲೆಯಲ್ಲಿದೆ. ವಾದಕ್ಕೆ ಐದು ವಿಷಯಗಳು ಗೊತ್ತಾಗಿದ್ದುವು, ಅವುಗಳಲ್ಲಿ ತ್ರಿತ್ವವೂ ಕ್ರಿಸ್ತನ ದೈವತ್ವವೂ ಸೇರಿದ್ದುವು. ಆದರೆ ಧರ್ಮಗ್ರಂಥದ ಪಾಠ ಕೆಟ್ಟಿದೆಯೇ ಇಲ್ಲವೇ ಎಂಬ ವಿಷಯದಲ್ಲೇ ವಾದ ಸಿಕ್ಕಿಕೊಂಡು ಎರಡು ದಿನಗಳಲ್ಲಿ ಮುಗಿದುಹೋಯಿತು. ಕ್ರಿಸ್ತನ ಸರದಿ ಬರಲೇ ಇಲ್ಲ. ಜಯಾಪಜಯಗಳಿಗಾಗಿ ಸೇರಿದ ಸಭೆ ಮುಖ್ಯ ಪ್ರಶ್ನೆಯ ಹೊಸ್ತಿಲಲ್ಲೇ ನಿಂತಿತೆಂಬುದು ಅರ್ಥಪೂರ್ಣವಾಗಿದೆ.

ಎರಡನೆಯದು ದೆಹಲಿಯದೇ. 1904ರಲ್ಲಿ ಕೇಂಬ್ರಿಜ್ ಮಿಷನ್ನಿನ ಪಾದ್ರಿಯಾಗಿ ಬಂದು ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಉಪಾಧ್ಯಾಯರಾದ ಚಾರ್ಲ್ಸ್ ಫ್ರೀಯರ್ ಆಂಡ್ರ್ಯೂಸರನ್ನು ನಾವು ದೀನಬಂಧುವೆಂದು ಬಲ್ಲೆವು. ದಕ್ಷಿಣ ದೆಹಲಿಯ ಆಂಡ್ರ್ಯೂಸ್ ಗಂಜ್ ಅವರ ಹೆಸರನ್ನೇ ಹೊತ್ತಿದೆ. 1906ರಲ್ಲಿ ಆ ಕಾಲೇಜಿಗೆ ಸುಶೀಲ್ ಕುಮಾರ್ ರುದ್ರರು ಮೊದಲ ಭಾರತೀಯ ಪ್ರಾಂಶುಪಾಲರಾಗುವುದಕ್ಕೆ ಬೆಂಬಲವಾಗಿ ನಿಂತವರು ಅವರು. ಅವರ ಚರ್ಚಿನ ಪೂಜಾವಿಧಿಯಲ್ಲಿ ಅಥನೇಷಿಯಸನ ಹೆಸರಿನ ವಿಶ್ವಾಸಸೂತ್ರವೊಂದುಂಟು. ಅದು ಅವನ ರಚನೆಯಲ್ಲ, ಅವನ ತರುವಾಯ ಲ್ಯಾಟಿನ್ನಿನಲ್ಲಿ ಹುಟ್ಟಿದ್ದು. ತ್ರಿತ್ವವನ್ನೂ ಕ್ರಿಸ್ತನ ಎರಡು ಸ್ವಭಾವಗಳನ್ನೂ ಖಚಿತವಾಗಿ ಹೇಳಿ, ಅದನ್ನು ನಂಬದವರು ನಾಶವಾಗುತ್ತಾರೆಂದು ಅದು ಸಾರುತ್ತದೆ. ಹಿಂದೂ ಮುಸಲ್ಮಾನ ಮಿತ್ರರ ನಡುವೆ ಹತ್ತು ವರ್ಷ ಬಾಳಿದ ಆಂಡ್ರ್ಯೂಸರಿಗೆ ಆ ಶಾಪವಚನವನ್ನು ಉಚ್ಚರಿಸುವುದು ಅಸಾಧ್ಯವಾಯಿತು. 1914ರಲ್ಲಿ ಅವರು ದೆಹಲಿಯನ್ನು ಬಿಟ್ಟು ಶಾಂತಿನಿಕೇತನಕ್ಕೆ ಹೋದರು, ಪೌರೋಹಿತ್ಯದ ಕರ್ತವ್ಯಗಳನ್ನು ನಿಲ್ಲಿಸಿದರು. ಆದರೆ ಕ್ರಿಸ್ತನನ್ನು ಬಿಡಲಿಲ್ಲ. 1932ರಲ್ಲಿ ಅವರು ಬರೆದ ಆತ್ಮಕಥೆ ಕ್ರಿಸ್ತನಿಗೆ ತಾವು ಸಲ್ಲಿಸಬೇಕಾದ ಋಣವನ್ನೇ ಕುರಿತದ್ದು.

ಅಥನೇಷಿಯಸನು ಮನುಷ್ಯನ ಭರವಸೆಗಾಗಿ ಹೋರಾಡಿದನಷ್ಟೆ. ಅವನ ಹೆಸರಿನ ಸೂತ್ರ ಕೊನೆಗೆ ಭರವಸೆಯನ್ನು ಬೇಲಿಯೊಳಗೆ ಹಾಕಿತು. ಆಂಡ್ರ್ಯೂಸರು ಒಪ್ಪದೆ ಹೋದುದು ಈ ಬೇಲಿಯನ್ನು. ನೈಸಿಯಾದ ಪ್ರಶ್ನೆಯನ್ನು ನಕ್ಕು ಬಿಡುವುದೂ, ಅದರ ಉತ್ತರವನ್ನು ಅಂಕುಶವಾಗಿ ಬಳಸುವುದೂ ಎರಡೂ ಪ್ರಶ್ನೆಗೆ ಮಾಡುವ ಅನ್ಯಾಯವೇ.

7

ಕನ್ನಡದ ಕವಿಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸಿದರು? ಕಿಟ್ಟೆಲ್ಲರು 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿದರು. ಕ್ರೈಸ್ತರಲ್ಲದ ಕನ್ನಡಿಗರ ಕಡೆಯಿಂದ ಬಂದ ಮಹತ್ತ್ವದ ಕೃತಿ, ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿರುವ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'. ಯೇಸುವಿನ ಕಡೆಯ ದಿನವೇ ಅದರ ವಸ್ತು. ಬುದ್ಧನ ಕಡೆಯ ದಿನವನ್ನು ಕುರಿತು ಅವರು 'ವೈಶಾಖಿ'ಯನ್ನು ಬರೆದರು. ಕೃಷ್ಣನ ಕಡೆಯ ದಿನಕ್ಕೆ 'ಪ್ರಭಾಸ', ಗಾಂಧೀಜಿಯ ಕಡೆಯ ದಿನಕ್ಕೆ 'ದೇಹಲಿ' ಎಂಬ ಹೆಸರುಗಳೂ ಅವರ ಕಾವ್ಯಯೋಜನೆಯಲ್ಲಿ ಸೇರಿದ್ದುವು.

ಈ ಯೋಜನೆಯೇ ಒಂದು ವಿಮರ್ಶೆಯಂತಿದೆ. ಒಬ್ಬನು ದೇವರ ಮಗನೆನಿಸಿಕೊಂಡವನು, ಒಬ್ಬನು ದೇವರ ವಿಷಯದಲ್ಲಿ ಮೌನವಹಿಸಿದವನು, ಒಬ್ಬನು ಪೂರ್ಣಾವತಾರವೆನಿಸಿ ಬೇಡನ ಬಾಣಕ್ಕೆ ಅಡವಿಯಲ್ಲಿ ಒರಗಿದವನು, ಒಬ್ಬರು 1948ರ ಜನವರಿ 30ರ ಸಂಜೆ ಈ ನಗರದ ಬಿರ್ಲಾ ಭವನದ ಅಂಗಳದಲ್ಲಿ ಗುಂಡಿಗೆ ಬಲಿಯಾದವರು. ಇವರ ತತ್ತ್ವ ಒಂದೇ ಅಲ್ಲ, ಸ್ಥಾನವೂ ಒಂದೇ ಅಲ್ಲ. ಆದರೆ 'ಕಡೆಯ ದಿನ' ಎಂಬ ಚೌಕಟ್ಟಿನೊಳಗೆ ಬಂದಾಗ ಎಲ್ಲರಿಗೂ ಸಾವೊಂದೇ ಅಳತೆಗೋಲು. ದೇವರೋ ಮನುಷ್ಯನೋ ಎಂದು ಮೊದಲೇ ತೀರ್ಮಾನಿಸಿ ಆಮೇಲೆ ಸಾವನ್ನು ವಿವರಿಸುವುದು ಶಾಸ್ತ್ರದ ಮಾರ್ಗ. ಸಾವನ್ನು ಮೊದಲು ಕಂಡು, ಹೀಗೆ ಸತ್ತವನು ಯಾರಾಗಿದ್ದಿರಬೇಕೆಂದು ಬೆರಗಾಗುವುದು ಕಾವ್ಯದ ಮಾರ್ಗ. ಶಿಲುಬೆಯ ಬುಡದ ಶತಾಧಿಪತಿ ಹಿಡಿದುದು ಈ ಎರಡನೆಯ ಮಾರ್ಗವನ್ನೇ. ಐತಿಹಾಸಿಕವಾಗಿಯೂ ಇದೇ ಮೊದಲಿನದು. ಅನುಯಾಯಿಗಳು ಮೊದಲು ಕಂಡುದು ಶಿಲುಬೆಯನ್ನು, 'ಹೋಮೋಊಸಿಯೋಸ್' ಬಂದುದು ಸುಮಾರು ಮುನ್ನೂರು ವರ್ಷಗಳ ಮೇಲೆ.

ಗಾಂಧೀಜಿಯ ಕಡೆಯ ದಿನ ನಡೆದುದು ಈ ನಗರದಲ್ಲೇ ಆದುದರಿಂದ ಈ ವಿಚಾರ ಇಲ್ಲಿಯ ಕನ್ನಡಿಗರಿಗೆ ದೂರದ್ದಲ್ಲ. ಮಹಾತ್ಮರನ್ನು ಪ್ರತಿಮೆಯಾಗಿಸಿ ಎತ್ತರದಲ್ಲಿಟ್ಟು ಅವರ ನೋವನ್ನು ಮರೆಯುವವರೂ, ಅವರ ದೌರ್ಬಲ್ಯಗಳನ್ನು ಎಣಿಸಿ ಅವರ ಬೆಳಕನ್ನು ಅಲ್ಲಗಳೆಯುವವರೂ ನಮ್ಮ ನಡುವೆ ಉಂಟು. ಬಸವಣ್ಣನವರನ್ನು ವೃಷಭನ ಅವತಾರವೆಂದು ಬರೆದ ಪುರಾಣಗಳೂ, ಬಿಜ್ಜಳನ ಆಸ್ಥಾನದ ಭಂಡಾರಿಯೆಂದಷ್ಟೇ ಕಾಣುವ ಶುಷ್ಕ ಚರಿತ್ರೆಯೂ ನಮ್ಮಲ್ಲಿವೆ. ಆ ಎರಡರ ನಡುವೆ ನಿಲ್ಲುವ ಮಾತನ್ನು ಹುಡುಕುವುದು ಸುಲಭವಲ್ಲ. ನಾಲ್ಕನೆಯ ಶತಮಾನದ ಜನ ಅದನ್ನು ಹುಡುಕುವುದರಲ್ಲಿ ಬಹಳ ಕಟುವಾಗಿ ನಡೆದುಕೊಂಡರೆಂಬುದು ನಿಜ. ಆದರೆ ಅವರು ಹುಡುಕಿದ ವಸ್ತು ಕ್ಷುಲ್ಲಕವಾದುದಲ್ಲ. ಒಂದು ಅಕ್ಷರದ ಭಾರ ಎಷ್ಟೆಂಬುದನ್ನು ಬಲ್ಲವನು ಭಾಷೆಯನ್ನು ಬಲ್ಲವನೇ. 'ಇತ್ತು' ಎಂದು ಆರಂಭಿಸಿ 'ಎಂಬಾತನು' ಎಂದು ಹೊರಳಿಕೊಂಡ ಕನ್ನಡದ ಆ ಅನುವಾದಕರು ಅಂಥವರಾಗಿದ್ದರು. ಅವರ ಆ ಒಂದು ಪದವನ್ನು ಮುಂದಿನ ಪರಿಷ್ಕರಣಕಾರರು ಕಾಪಾಡಿಕೊಂಡು ಬರುವುದು ಯುಕ್ತ, 'ನರಾವತಾರ'ವನ್ನು ಮತ್ತೊಮ್ಮೆ ಪರಿಶೀಲಿಸುವುದೂ ಅಷ್ಟೇ ಯುಕ್ತ.